ನಕುರು ಕೆರೆ ತುಂಬಿತು, ಫ್ಲೆಮಿಂಗೊಗಳು ಜಾಗ ಖಾಲಿ ಮಾಡಿದವು

ಕೀನ್ಯಾ ಟೂರ್ ಪ್ಯಾಕೇಜುಗಳಲ್ಲಿ ಮಸಾಯಿ ಮಾರಾ ಜೊತೆಗೆ ನಕುರು ಕೆರೆಯೂ ಸಾಮಾನ್ಯವಾಗಿ ಇರುತ್ತದೆ. ಬೆಂಗಳೂರಿನಿಂದ ಹೊರಡುವವರಿಗೂ ಅಷ್ಟೇ. ಜಾಹೀರಾತಿನ ಫೋಟೊದಲ್ಲಿ ಕೆರೆಯ ದಡ ಪೂರ್ತಿ ಗುಲಾಬಿ ಬಣ್ಣ. ಲೆಕ್ಕ ಹಾಕಲಾಗದಷ್ಟು ಫ್ಲೆಮಿಂಗೊಗಳು ಒತ್ತೊತ್ತಾಗಿ ನಿಂತಿರುತ್ತವೆ. ಅಲ್ಲಿಗೆ ಹೋದಾಗ ಆ ದೃಶ್ಯ ಸಿಕ್ಕೇ ಸಿಗುತ್ತದೆ ಅನ್ನುವ ಕಾಲ ಈಗಿಲ್ಲ. ಕೆರೆ ಇದೆ, ನೀರು ಇದೆ, ಘೇಂಡಾಮೃಗ, ಜಿರಾಫೆ, ಕಾಡೆಮ್ಮೆ ಎಲ್ಲವೂ ಇವೆ. ಯಾವುದಕ್ಕೆ ಆ ಕೆರೆ ಜಗತ್ತಿಗೆ ಗೊತ್ತಾಯಿತೋ ಆ ಹಕ್ಕಿ ಮಾತ್ರ ಬಹಳ ಕಡಿಮೆ.

ಕೆರೆಯಿಂದ ಹಕ್ಕಿ ಹೋಯಿತು ಅಂದ ಕೂಡಲೇ ನಮಗೆ ಹೊಳೆಯುವುದು ಬರ. ಒಣಗಿರಬೇಕು, ಒತ್ತುವರಿ ಆಗಿರಬೇಕು, ಅಲ್ವಾ? ನಕುರುವಿನಲ್ಲಿ ಆಗಿರುವುದು ಉಲ್ಟಾ. ಕೆರೆ ತುಂಬಿದೆ. ತುಂಬಿ, ದಡ ಮೀರಿ, ಉದ್ಯಾನದೊಳಗಿನ ರಸ್ತೆಗಳನ್ನು ನುಂಗಿ, ಹಳೆಯ ಮುಖ್ಯ ಗೇಟನ್ನು ಮುಳುಗಿಸಿ, ಪಕ್ಕದ ಬಡಾವಣೆಯ ಮನೆಗಳಿಗೂ ನುಗ್ಗಿದೆ. ಫ್ಲೆಮಿಂಗೊಗೆ ತೊಂದರೆಯಾಗಿರುವುದು ನೀರು ಇಲ್ಲದ್ದರಿಂದ ಅಲ್ಲ, ಜಾಸ್ತಿ ಆಗಿದ್ದರಿಂದ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳದಿದ್ದರೆ ಪರಿಹಾರವನ್ನೂ ಎಲ್ಲೆಲ್ಲೋ ಹುಡುಕುತ್ತಾ ಕೂರಬೇಕಾಗುತ್ತದೆ.

ಮೊದಲು ಜಾಗದ ಪರಿಚಯ. ನೈರೋಬಿಯಿಂದ ವಾಯವ್ಯಕ್ಕೆ ಸುಮಾರು 160 ಕಿಲೋಮೀಟರ್. ಪೂರ್ವ ಆಫ್ರಿಕಾವನ್ನು ಉದ್ದಕ್ಕೆ ಸೀಳಿಕೊಂಡು ಹೋಗುವ ರಿಫ್ಟ್ ಕಣಿವೆಯ ತಳದಲ್ಲಿ ಈ ಕೆರೆ ಇದೆ. 1960ರ ದಶಕದ ಆರಂಭದಲ್ಲಿ ಪಕ್ಷಿಧಾಮವಾಗಿ, 1968ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾಯಿತು. ಉದ್ಯಾನದ ವಿಸ್ತೀರ್ಣ 188 ಚದರ ಕಿಲೋಮೀಟರ್. ಸುತ್ತಲೂ ವಿದ್ಯುತ್ ಬೇಲಿ. 400ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಇಲ್ಲಿ ದಾಖಲಾಗಿವೆ. 1990ರಲ್ಲಿ ಕೀನ್ಯಾದ ಮೊದಲ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎನಿಸಿತು. 2011ರಲ್ಲಿ ಬೊಗೋರಿಯಾ ಮತ್ತು ಎಲೆಮೆಂಟೈಟಾ ಕೆರೆಗಳ ಜೊತೆ ಸೇರಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೂ ಬಂತು. ಕಾಗದದ ಮೇಲೆ ಇದಕ್ಕಿಂತ ಹೆಚ್ಚಿನ ರಕ್ಷಣೆ ಒಂದು ಕೆರೆಗೆ ಸಿಗುವುದು ಕಷ್ಟ.

ಈ ಕೆರೆಗೆ ಕೋಡಿ ಇಲ್ಲ. ನ್ಜೋರೊ, ಮಕಾಲಿಯಾ, ನ್ಡೆರಿಟ್ ಎಂಬ ಸಣ್ಣ ಹೊಳೆಗಳು ಬಂದು ಸೇರುತ್ತವೆ, ಒಂದಷ್ಟು ಬುಗ್ಗೆಗಳಿವೆ, ಆದರೆ ಹೊರಗೆ ಹರಿದು ಹೋಗುವ ಹೊಳೆ ಒಂದೂ ಇಲ್ಲ. ನೀರು ಮುಖ್ಯವಾಗಿ ಬಿಸಿಲಿಗೆ ಆವಿಯಾಗಿಯೇ ಹೋಗಬೇಕು. ಸುತ್ತಲಿನ ಜ್ವಾಲಾಮುಖಿ ಬಂಡೆಗಳಿಂದ ಕರಗಿ ಬಂದ ಸೋಡಾ, ಉಪ್ಪು ಎಲ್ಲ ಕೆಳಗೇ ಉಳಿದು ಸಾವಿರಾರು ವರ್ಷಗಳಲ್ಲಿ ನೀರು ಗಟ್ಟಿ ಸೋಡಾ ನೀರಾಗಿದೆ. ಪಿಎಚ್ 10ರ ಆಸುಪಾಸು. ನಾವು ಕುಡಿಯುವ ಹಾಗಿಲ್ಲ, ಮಾಮೂಲಿ ಮೀನು ಬದುಕುವ ಹಾಗೂ ಇಲ್ಲ. ಆದರೆ ಆರ್ತ್ರೋಸ್ಪೈರಾ ಎಂಬ ಸೂಕ್ಷ್ಮಜೀವಿಗೆ ಇಂಥ ನೀರೇ ಬೇಕು. ಔಷಧಿ ಅಂಗಡಿಗಳಲ್ಲಿ ಸ್ಪಿರುಲಿನಾ ಅಂತ ಮಾರುತ್ತಾರಲ್ಲ, ಅದರದೇ ಜಾತಿ. ಬೇರೆ ಯಾವ ಪಾಚಿಗೂ ಸುಲಭವಾಗಿ ಬೆಳೆಯಲು ಆಗದ ನೀರಿನಲ್ಲಿ ಇದು ಪೈಪೋಟಿಯೇ ಇಲ್ಲದೆ ಬೆಳೆದು ಕೆರೆಯನ್ನೆಲ್ಲ ದಟ್ಟ ಹಸಿರು ಗಂಜಿಯ ಹಾಗೆ ಮಾಡಿಬಿಡುತ್ತದೆ.

ಫ್ಲೆಮಿಂಗೊಗಳಲ್ಲಿ ಎರಡು ಜಾತಿ ಇಲ್ಲಿಗೆ ಬರುತ್ತವೆ. ದೊಡ್ಡ ಫ್ಲೆಮಿಂಗೊ ಕೆಸರಿನಲ್ಲಿರುವ ಹುಳ, ಸಣ್ಣ ಸೀಗಡಿ ಅಂತ ಸಿಕ್ಕಿದ್ದನ್ನು ತಿಂದುಕೊಂಡಿರುತ್ತದೆ. ಕಿರು ಫ್ಲೆಮಿಂಗೊ ಹಾಗಲ್ಲ. ಅದರ ಕೊಕ್ಕಿನ ಒಳಗೆ ನೋಡಿದರೆ ಅಂಚಿನುದ್ದಕ್ಕೂ ಕೂದಲಿನಷ್ಟು ತೆಳ್ಳಗಿನ ಎಳೆಗಳ ಸಾಲು. ಕತ್ತು ಬಗ್ಗಿಸಿ, ತಲೆಯನ್ನು ತಲೆಕೆಳಗು ಮಾಡಿ, ಕೊಕ್ಕನ್ನು ನೀರಿನ ಮೇಲ್ಪದರದಲ್ಲಿ ಇಟ್ಟು, ದಪ್ಪ ನಾಲಿಗೆಯನ್ನು ಪಂಪಿನಂತೆ ಹಿಂದೆ ಮುಂದೆ ಆಡಿಸುತ್ತದೆ. ನೀರು ಒಳಗೆ ಬಂದು ಹೊರಗೆ ಹೋಗುತ್ತದೆ, ಸುರುಳಿ ಸುರುಳಿಯಾದ ಆರ್ತ್ರೋಸ್ಪೈರಾ ಆ ಎಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಹಕ್ಕಿಗೆ ದಿನಕ್ಕೆ ಒಣ ತೂಕದಲ್ಲಿ ಸುಮಾರು 60ರಿಂದ 70 ಗ್ರಾಂ ಬೇಕು. ಅಷ್ಟನ್ನು ಹೀಗೆ ಸೋಸಿ ಸೋಸಿಯೇ ತೆಗೆಯಬೇಕು ಅಂದರೆ ನೀರು ಎಷ್ಟು ದಟ್ಟವಾಗಿರಬೇಕು ಯೋಚಿಸಿ. ಗುಲಾಬಿ ಬಣ್ಣವೂ ಇದೇ ಆಹಾರದಿಂದ ಬಂದದ್ದು.

ಇಲ್ಲೇ ವಿಷಯ ಇರುವುದು. ಸಿಹಿನೀರು ಜಾಸ್ತಿ ಬಂದು ಬೆರೆತರೆ ಸೋಡಾ ತೆಳುವಾಗುತ್ತದೆ. ಆರ್ತ್ರೋಸ್ಪೈರಾಗೆ ಇದ್ದ ಅನುಕೂಲ ಹೋಗುತ್ತದೆ, ಬೇರೆ ಪಾಚಿಗಳು ಬಂದು ಸೇರುತ್ತವೆ. ಅವುಗಳಲ್ಲಿ ಕೆಲವು ಕೊಕ್ಕಿನ ಜಾಲರಿಯಲ್ಲಿ ನಿಲ್ಲದಷ್ಟು ಸಣ್ಣವು. ಇನ್ನು ಕೆಲವು ಹೊಟ್ಟೆಗೆ ಹೋದರೂ ಅಷ್ಟಕ್ಕಷ್ಟೇ. ಹಕ್ಕಿ ಅದೇ ನೀರಿನಲ್ಲಿ ಅದೇ ಹೊತ್ತು ಕೊಕ್ಕು ಆಡಿಸಿದರೂ ಹೊಟ್ಟೆ ತುಂಬುವುದಿಲ್ಲ. ಎದ್ದು ಹೋಗದೆ ಬೇರೆ ದಾರಿ ಏನಿದೆ?

ಇದು ಬರೀ ಅಂದಾಜಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಇತರರ ಜೊತೆ ಸೇರಿ ಪೂರ್ವ ಆಫ್ರಿಕಾದ 22 ಸೋಡಾ ಕೆರೆಗಳ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ 2024ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ನೀರು ಎಷ್ಟು ಹಸಿರಾಗಿದೆ ಎಂದು ಆಕಾಶದಿಂದ ಅಳೆದು ಅದರಲ್ಲಿ ಎಷ್ಟು ಪಾಚಿ ಇದೆ ಎಂದು ಲೆಕ್ಕ ಹಾಕಬಹುದು. 2009ರಿಂದ 2022ರ ನಡುವೆ ನಕುರು ಕೆರೆಯ ಹರವು ಶೇ 91ರಷ್ಟು ಹೆಚ್ಚಿದೆ. ಅಂದರೆ ಹತ್ತಿರ ಹತ್ತಿರ ಎರಡು ಪಟ್ಟು. ಅದೇ ಅವಧಿಯಲ್ಲಿ ನೀರಿನಲ್ಲಿನ ಕ್ಲೋರೊಫಿಲ್, ಅಂದರೆ ಪಾಚಿಗೆ ಹಸಿರು ಬಣ್ಣ ಕೊಡುವ ವಸ್ತುವಿನ ಸಾಂದ್ರತೆ ಅರ್ಧಕ್ಕೆ ಇಳಿದಿದೆ. ನಕುರು ಆಳದ ಕೆರೆಯಲ್ಲ, ತಟ್ಟೆಯಂಥ ಕೆರೆ. ಹಾಗಾಗಿ ಮಟ್ಟ ಸ್ವಲ್ಪ ಏರಿದರೂ ನೀರು ದೂರದವರೆಗೆ ಹರಡುತ್ತದೆ. ಫ್ಲೆಮಿಂಗೊಗಳು ನಿಂತು ಮೇಯುತ್ತಿದ್ದ ತೆಳು ನೀರಿನ ಕೆಸರು ಅಂಚು ಈಗ ಕೆರೆಯ ಒಳಗಿದೆ. ಹಿಂದೆ ದಡದಲ್ಲಿ ಹಳದಿ ತೊಗಟೆಯ ಅಕೇಶಿಯಾ ಮರಗಳ ಕಾಡಿತ್ತು. ಈಗ ಅದರಲ್ಲಿ ಬಹಳಷ್ಟು ಮರಗಳು ನೀರಿನಲ್ಲಿ ನಿಂತಲ್ಲೇ ಸತ್ತು ಬೋಳು ಕಂಬಗಳಾಗಿವೆ.

ಇಷ್ಟು ನೀರು ಎಲ್ಲಿಂದ ಬಂತು? ಮಳೆ ಹೆಚ್ಚಿದೆ, ಇದರಲ್ಲಿ ಅನುಮಾನ ಇಲ್ಲ. 2010ರ ನಂತರ ರಿಫ್ಟ್ ಕಣಿವೆಯ ಕೆರೆಗಳು, ನೈವಾಶಾ, ಬರಿಂಗೊ, ಬೊಗೋರಿಯಾ ಎಲ್ಲ ಹೆಚ್ಚು ಕಡಿಮೆ ಒಟ್ಟಿಗೆ ಏರಿವೆ. ಕೀನ್ಯಾ ಸರ್ಕಾರವೇ 2021ರಲ್ಲಿ ಈ ಬಗ್ಗೆ ವರದಿ ಪ್ರಕಟಿಸಿತು. ಭೂಮಿಯ ಪದರಗಳ ಚಲನೆಯೂ ಕಾರಣ ಇರಬಹುದು ಎಂಬ ವಾದವಿದೆ, ಆದರೆ ಹೆಚ್ಚಿನ ವಿಜ್ಞಾನಿಗಳು ಮುಖ್ಯ ಕಾರಣ ಅಂತ ತೋರಿಸುವುದು ಮಳೆಯನ್ನೇ. ಅದರ ಜೊತೆ ಇನ್ನೊಂದು ಇದೆ, ಅದು ಮನುಷ್ಯರ ಕೈಲಿದ್ದದ್ದು: ಮಾವು ಕಾಡು. (ಹಣ್ಣಿನ ಮಾವಲ್ಲ, ಆ ಬೆಟ್ಟಸಾಲಿನ ಹೆಸರೇ ಹಾಗೆ.) ನ್ಜೋರೊ ಹೊಳೆ ಹುಟ್ಟುವುದು ಈ ಕಾಡಿನ ಪೂರ್ವದ ಇಳಿಜಾರಿನಲ್ಲಿ. ದಟ್ಟ ಕಾಡಿದ್ದಾಗ ಮಳೆ ನೀರು ನೆಲಕ್ಕೆ ಇಂಗಿ, ತಿಂಗಳುಗಟ್ಟಲೆ ನಿಧಾನವಾಗಿ ಹೊಳೆಗೆ ಬರುತ್ತಿತ್ತು. ಕಾಡು ಕಡಿದು ಮೆಕ್ಕೆಜೋಳ, ಆಲೂಗಡ್ಡೆ ಹಾಕಿದ ಮೇಲೆ ಮಳೆ ಬಂದ ದಿನವೇ ಕೆಂಪು ನೀರು ಹೂಳಿನ ಸಮೇತ ಕೆರೆಗೆ ನುಗ್ಗುತ್ತದೆ, ಬೇಸಿಗೆಯಲ್ಲಿ ಹೊಳೆ ಬತ್ತುತ್ತದೆ. 2001ರಲ್ಲಿ ಸರ್ಕಾರವೇ ಮಾವು ಕಾಡಿನ ಸುಮಾರು 60,000 ಹೆಕ್ಟೇರನ್ನು ಮೀಸಲು ಅರಣ್ಯದಿಂದ ಕೈಬಿಟ್ಟು ಹಂಚಿತು. ಬಡವರಿಗೆ ಭೂಮಿ ಎಂಬ ಹೆಸರಿನಲ್ಲಿ ಹಂಚಿದ್ದರಲ್ಲಿ ಪ್ರಭಾವಿಗಳ ಪಾಲೂ ದೊಡ್ಡದೇ ಇತ್ತು.

ಈ ಕಾಡಿನ ವಿಷಯ ಬಂದಾಗ ಒಗಿಯೆಕ್ ಜನರ ಬಗ್ಗೆ ಹೇಳದೆ ಮುಂದೆ ಹೋಗುವುದು ತಪ್ಪಾಗುತ್ತದೆ. ಇವರು ಮಾವು ಕಾಡಿನಲ್ಲಿ ತಲೆತಲಾಂತರದಿಂದ ಇರುವವರು, ಜೇನು ಇವರ ಬದುಕು. ಕಾಡಿನ ಮರಗಳಲ್ಲಿ ಟೊಳ್ಳು ದಿಮ್ಮಿಯ ಗೂಡು ಕಟ್ಟಿ ಜೇನು ಸಾಕುತ್ತಾರೆ. ಕಾಡು ಉಳಿದರೆ ಮಾತ್ರ ಜೇನು ಉಳಿಯುತ್ತದೆ. ಆದರೂ "ಮಾವು ಉಳಿಸಿ" ಅಂತ ಸರ್ಕಾರ ಹೊರಟಾಗಲೆಲ್ಲ ಮನೆ ಕಳೆದುಕೊಂಡವರಲ್ಲಿ ಇವರೂ ಇದ್ದರು. 2017ರಲ್ಲಿ ಆಫ್ರಿಕಾದ ಮಾನವ ಹಕ್ಕುಗಳ ನ್ಯಾಯಾಲಯ ಒಗಿಯೆಕ್ ಜನರ ಪರವಾಗಿ ತೀರ್ಪು ಕೊಟ್ಟಿತು, ಅವರನ್ನು ಹೊರಹಾಕಿದ್ದು ತಪ್ಪು ಎಂದಿತು. 2022ರಲ್ಲಿ ಪರಿಹಾರ ಕೊಡಿ, ಭೂಮಿಯ ಹಕ್ಕುಪತ್ರ ಕೊಡಿ ಎಂದು ಮತ್ತೆ ಆದೇಶಿಸಿತು. ಅಷ್ಟಾದ ಮೇಲೂ 2023ರ ನವೆಂಬರ್‌ನಲ್ಲಿ ಮತ್ತೆ ಮನೆಗಳನ್ನು ಕೆಡವಿದರು. ಅದೇ ವರ್ಷ ಜುಲೈನಲ್ಲಿ, 2018ರಿಂದ ಜಾರಿಯಲ್ಲಿದ್ದ ಮರ ಕಡಿಯುವ ನಿಷೇಧವನ್ನು ತೆಗೆಯುವುದಾಗಿ ಅಧ್ಯಕ್ಷ ರೂಟೊ ಘೋಷಿಸಿದ್ದರು. ಕಡಿಯುವುದು ನೆಡುತೋಪಿನ ಮರಗಳನ್ನು ಮಾತ್ರ ಎಂಬ ಸಮಜಾಯಿಷಿ ಬಂತು. ಕಾಡಿನವರನ್ನು ಹೊರಗೆ ಹಾಕಿ ಗರಗಸವನ್ನು ಒಳಗೆ ಬಿಟ್ಟರೆ ಕಾಡು ಉಳಿಯುತ್ತದೆ ಎಂದು ನನಗಂತೂ ನಂಬಿಕೆ ಇಲ್ಲ. ಕೆರೆಯ ಹಕ್ಕಿ ಉಳಿಸಬೇಕು ಅನ್ನುವವರು ಒಗಿಯೆಕ್ ಜನರ ಹಕ್ಕನ್ನೂ ತಮ್ಮ ಬೇಡಿಕೆಯ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಇನ್ನು ಊರು. ಮೆನೆಂಗಾಯ್ ಜ್ವಾಲಾಮುಖಿಯ ಇಳಿಜಾರಿನಲ್ಲಿ, ಕೆರೆಗೆ ಅಂಟಿಕೊಂಡೇ ನಕುರು ಪಟ್ಟಣ ಇದೆ. 2019ರ ಜನಗಣತಿಯಲ್ಲಿ 5,70,674 ಜನ. 2021ರ ಡಿಸೆಂಬರ್‌ನಲ್ಲಿ ನಗರದ ಸ್ಥಾನಮಾನ ಸಿಕ್ಕಿತು. ಊರು ಮೇಲೆ, ಕೆರೆ ಕೆಳಗೆ. ಜೋರು ಮಳೆ ಬಂದರೆ ಮೋರಿಗಳ ನೀರು, ಪ್ಲಾಸ್ಟಿಕ್, ಗ್ಯಾರೇಜಿನ ಎಣ್ಣೆ, ಗಿಯೋಟೊ ಎಂಬ ಕಸದ ಗುಡ್ಡದಿಂದ ತೊಳೆದುಕೊಂಡು ಬಂದದ್ದು, ಎಲ್ಲಕ್ಕೂ ಕೊನೆಯ ನಿಲ್ದಾಣ ಕೆರೆಯೇ. ಕೊಳಚೆ ಶುದ್ಧೀಕರಣ ಘಟಕಗಳಿವೆ, ಆದರೆ ಊರಿನ ಎಲ್ಲ ಮನೆಗಳಿಗೂ ಒಳಚರಂಡಿ ಇಲ್ಲ. ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆಯ ನೊರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವ್ಯತ್ಯಾಸ ಮಾತ್ರ ಮುಖ್ಯ: ಬೆಳ್ಳಂದೂರಿನ ಕೊಳಕು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹರಿದು ಹೋಗುತ್ತದೆ. ನಕುರುವಿಗೆ ಬಂದದ್ದು ಅಲ್ಲೇ ಕೂರುತ್ತದೆ. ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಆವಿಯಾಗುವುದಿಲ್ಲ. ಕೆಸರಿನಲ್ಲಿ, ಮೀನಿನಲ್ಲಿ, ಹಕ್ಕಿಯ ಮೈಯಲ್ಲಿ ಸೇರಿಕೊಳ್ಳುತ್ತವೆ.

1990ರ ದಶಕದಲ್ಲಿ ನಕುರು ಮತ್ತು ಬೊಗೋರಿಯಾದಲ್ಲಿ ಫ್ಲೆಮಿಂಗೊಗಳು ಸಾವಿರಗಟ್ಟಲೆ ಸತ್ತಿದ್ದವು. ಆಗ ವಿಜ್ಞಾನಿಗಳು ಬೇರೆ ಬೇರೆ ಕಾರಣಗಳನ್ನು ಮುಂದಿಟ್ಟರು. ಪಾಚಿಯಿಂದ ಬರುವ ವಿಷ, ಲೋಹಗಳು, ಕ್ಷಯದಂಥ ಸೋಂಕು. ಬಹುಶಃ ಒಂದೇ ಕಾರಣ ಹುಡುಕುವುದೇ ಸರಿಯಲ್ಲ. ಹಸಿದ ಹಕ್ಕಿಗೆ ಸ್ವಲ್ಪ ವಿಷ, ಸ್ವಲ್ಪ ಸೋಂಕು ಸಾಕು.

ಈಗ ಯಾರಾದರೂ ಕೇಳಬಹುದು: ಫ್ಲೆಮಿಂಗೊ ಹೋದರೆ ಹೋಗಲಿ, ಬೇರೆ ಹಕ್ಕಿಗಳು ಬಂದಿವೆಯಲ್ಲ? ನಿಜ, ಬಂದಿವೆ. ಅರವತ್ತು ವರ್ಷಕ್ಕೂ ಹಿಂದೆ ಸೊಳ್ಳೆ ಕಾಟ ತಡೆಯಲು ಅಂತ ಕೀನ್ಯಾದ್ದೇ ಆದ ಮಗಾಡಿ ಎಂಬ ಸೋಡಾ ಕೆರೆಯಿಂದ ಒಂದು ಪುಟ್ಟ ತಿಲಾಪಿಯಾ ಮೀನನ್ನು ತಂದು ನಕುರುವಿಗೆ ಬಿಟ್ಟರು. ಸೊಳ್ಳೆ ವಿಷಯ ಏನಾಯಿತೋ, ಮೀನು ಮಾತ್ರ ಚೆನ್ನಾಗಿ ಹಬ್ಬಿತು. ಅದರ ಹಿಂದೆಯೇ ಬಿಳಿ ಹೆಜ್ಜಾರ್ಲೆಗಳು ಬಂದವು. ಎಲೆಮೆಂಟೈಟಾದಲ್ಲಿ ಗೂಡು ಕಟ್ಟಿ, ಮೀನಿಗೆ ನಕುರುವಿಗೆ ಹಾರಿ ಬಂದು, ಹೊಟ್ಟೆ ತುಂಬಿಕೊಂಡು ಮರಿಗಳಿಗೆ ಒಯ್ಯುತ್ತಿದ್ದವು. ಈಗ ಸೋಡಾ ತೆಳುವಾದ ಮೇಲೆ ನೈಲ್ ತಿಲಾಪಿಯಾದಂಥ ಸಿಹಿನೀರಿನ ಮೀನುಗಳೂ ಸೇರಿಕೊಂಡಿವೆ. ಮೀನು ಹದ್ದು, ನೀರುಕಾಗೆ, ಮಿಂಚುಳ್ಳಿ, ಬಕಗಳಿಗೆ ಒಳ್ಳೆಯ ಕಾಲ. ಸತ್ತ ಅಕೇಶಿಯಾ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕೂತಿರುತ್ತವೆ.

ಇದನ್ನು ನೋಡಿ "ಪ್ರಕೃತಿ ಸರಿಮಾಡಿಕೊಳ್ಳುತ್ತದೆ" ಅನ್ನುವುದು ಸುಲಭ. ನಾನು ಒಪ್ಪುವುದಿಲ್ಲ. ನೀರುಕಾಗೆಗೆ, ಮೀನು ಹದ್ದಿಗೆ ಪಕ್ಕದ ನೈವಾಶಾ ಇದೆ, ವಿಕ್ಟೋರಿಯಾ ಇದೆ, ಆಫ್ರಿಕಾದ ನೂರಾರು ಸಿಹಿನೀರಿನ ಕೆರೆಗಳಿವೆ. ಕಿರು ಫ್ಲೆಮಿಂಗೊಗೆ ಹೊಟ್ಟೆ ತುಂಬುವ ಕೆರೆಗಳು ಬೆರಳೆಣಿಕೆಯಷ್ಟು. ಮೀನಿನ ಇನ್ನೊಂದು ತೊಂದರೆಯೂ ಇದೆ. ಊರಿನ ಬಡವರು ರಾತ್ರಿ ಹೊತ್ತು ಕದ್ದು ಬಲೆ ಹಾಕುತ್ತಾರೆ. ನೀರಿನಲ್ಲಿ ನೀರಾನೆ, ದಡದಲ್ಲಿ ಅರಣ್ಯ ಕಾವಲುಗಾರರು, ಹಿಡಿದ ಮೀನಿನಲ್ಲಿ ಲೋಹ. ಮುಳುಗಿದ ಮ್ವಾರಿಕಿ ಬಡಾವಣೆಯವರಿಗೆ ಉದ್ಯಾನದ ನೀರೇ ಮನೆ ಬಾಗಿಲಿಗೆ ಬಂದಿರುವಾಗ ಬೇಲಿ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಹೇಳುವುದೂ ಕಷ್ಟ.

"ಈ ಕೆರೆಗಳು ಹಿಂದೆಯೂ ಏರಿವೆ, ಇಳಿದಿವೆ" ಎಂಬ ಮಾತೂ ಇದೆ. ಅದೂ ಸುಳ್ಳಲ್ಲ. 1990ರ ದಶಕದ ಮಧ್ಯದಲ್ಲಿ ಇದೇ ನಕುರು ಹೆಚ್ಚು ಕಡಿಮೆ ಪೂರ್ತಿ ಒಣಗಿ ಬಿಳಿ ಸೋಡಾ ಧೂಳು ಎದ್ದಿತ್ತು. ಫ್ಲೆಮಿಂಗೊ ಅಲೆಮಾರಿ ಹಕ್ಕಿ. ಒಂದು ಕೆರೆ ಕೆಟ್ಟರೆ ರಾತ್ರಿ ಹಾರಿ ಇನ್ನೊಂದಕ್ಕೆ ಹೋಗುತ್ತದೆ. ನಕುರು, ಎಲೆಮೆಂಟೈಟಾ, ಬೊಗೋರಿಯಾ, ದಕ್ಷಿಣಕ್ಕೆ ಮಗಾಡಿ, ತಾಂಜಾನಿಯಾದ ನೇಟ್ರಾನ್, ಮನ್ಯಾರಾ, ಉತ್ತರಕ್ಕೆ ಇಥಿಯೋಪಿಯಾದ ಅಬಿಜಾಟಾ, ಹೀಗೆ ಒಂದು ಸಾಲು ಇದೆ. ಯಾವುದೋ ಒಂದು ಕೆಟ್ಟಾಗ ಇನ್ನೊಂದು ಚೆನ್ನಾಗಿರುತ್ತಿತ್ತು, ಹಕ್ಕಿ ಹಾಗೆ ಬದುಕಿ ಬಂತು. ಈಗಿನ ಕಷ್ಟ ಅಂದರೆ ಹಲವು ಕೆರೆಗಳು ಒಟ್ಟಿಗೇ ಕೆಡುತ್ತಿವೆ. ಬೊಗೋರಿಯಾ ಕೂಡ ಏರಿ ತನ್ನ ಬಿಸಿನೀರಿನ ಬುಗ್ಗೆಗಳನ್ನು ಮುಳುಗಿಸಿಕೊಂಡಿದೆ. ಅದರ ಉತ್ತರಕ್ಕಿರುವ ಸಿಹಿನೀರಿನ ಬರಿಂಗೊ ಅದರ ಕಡೆಗೆ ಹಿಗ್ಗುತ್ತಿದ್ದು, ಎರಡೂ ಸೇರಿಬಿಟ್ಟರೆ ಏನು ಗತಿ ಎಂಬ ಆತಂಕ ಅಲ್ಲಿನವರಿಗಿದೆ. ಅಬಿಜಾಟಾದ ಕಥೆ ಉಲ್ಟಾ. ನೀರಾವರಿಗೆ ಮತ್ತು ಸೋಡಾ ಕಾರ್ಖಾನೆಗೆ ನೀರು ತೆಗೆದೂ ತೆಗೆದೂ ಕೆರೆ ಕುಗ್ಗಿದೆ. ಒಂದೇ ಹಕ್ಕಿಗೆ ಒಂದು ಕಡೆ ನೀರು ಹೆಚ್ಚಾಗಿ ಕೇಡು, ಇನ್ನೊಂದು ಕಡೆ ಕಡಿಮೆಯಾಗಿ ಕೇಡು.

ಮತ್ತೆ, ಇವು ನಕುರುವಿನಲ್ಲಿ ಮರಿ ಮಾಡುವುದಿಲ್ಲ. ಪೂರ್ವ ಆಫ್ರಿಕಾದ ಕಿರು ಫ್ಲೆಮಿಂಗೊಗಳು ನಿಯಮಿತವಾಗಿ ಮರಿ ಮಾಡುವ ಜಾಗ ಒಂದೇ ಒಂದು, ನೇಟ್ರಾನ್. ಕೆರೆಯ ನಡುವಿನ ಸೋಡಾ ಕೆಸರಿನಲ್ಲಿ ಮಣ್ಣಿನ ಗುಪ್ಪೆ ಕಟ್ಟಿ ಒಂದೇ ಮೊಟ್ಟೆ ಇಡುತ್ತವೆ. ನರಿ, ಕತ್ತೆಕಿರುಬ ಅಲ್ಲಿಗೆ ಕಾಲಿಡಲಾರವು, ಅದೇ ರಕ್ಷಣೆ. 1962ರಲ್ಲಿ ನೇಟ್ರಾನ್‌ನಲ್ಲಿ ನೀರು ಏರಿದಾಗ ಹಕ್ಕಿಗಳು ಮಗಾಡಿಗೆ ಹೋಗಿ ಮೊಟ್ಟೆ ಇಟ್ಟವು. ಅಲ್ಲಿ ಸೋಡಾ ಎಷ್ಟು ಗಟ್ಟಿ ಅಂದರೆ ಮರಿಗಳು ನಡೆದಾಡಿದಂತೆ ಕಾಲಿಗೆ ಪದರ ಪದರವಾಗಿ ಕಟ್ಟಿಕೊಂಡು ಕಲ್ಲಿನ ಬಳೆಯಾಯಿತು. ಮರಿಗೆ ಕಾಲೆತ್ತಲು ಆಗುವುದಿಲ್ಲ, ನಿಂತಲ್ಲೇ ಸಾಯಬೇಕು. ಜನ ಆ ಸುಡುವ ಕೆಸರಿನಲ್ಲಿ ಇಳಿದು, ಒಂದೊಂದೇ ಮರಿಯನ್ನು ಹಿಡಿದು, ಕಾಲು ಮುರಿಯದ ಹಾಗೆ ಮೆಲ್ಲಗೆ ಸುತ್ತಿಗೆಯಿಂದ ತಟ್ಟಿ ಬಳೆ ಒಡೆದರು. ಸಾವಿರಾರು ಮರಿಗಳನ್ನು ಹೀಗೆ ಉಳಿಸಿದರು. ನೇಟ್ರಾನ್ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ನೇಟ್ರಾನ್ ಕಥೆಯಲ್ಲಿ ಭಾರತಕ್ಕೂ ಒಂದು ಪಾತ್ರ ಇದೆ. 2006ರ ಹೊತ್ತಿಗೆ ತಾಂಜಾನಿಯಾ ಸರ್ಕಾರದ ಸಂಸ್ಥೆಯ ಜೊತೆ ಸೇರಿ ಟಾಟಾ ಕೆಮಿಕಲ್ಸ್ ಅಲ್ಲಿ ವರ್ಷಕ್ಕೆ 5 ಲಕ್ಷ ಟನ್ ಸೋಡಾ ಬೂದಿ ತೆಗೆಯುವ ಕಾರ್ಖಾನೆಯ ಪ್ರಸ್ತಾವ ಇಟ್ಟಿತ್ತು. ಪಕ್ಷಿ ಸಂರಕ್ಷಣೆಯವರು ಜಗತ್ತಿನಾದ್ಯಂತ ವಿರೋಧಿಸಿದರು. 2008ರಲ್ಲಿ ಕಂಪನಿ ಹಿಂದೆ ಸರಿಯಿತು. ಸರಿಯಾದ ತೀರ್ಮಾನ. ಆದರೆ ಆ ಪ್ರದೇಶದಲ್ಲಿ ಸೋಡಾ ತೆಗೆಯುವ ಆಸೆ ಅಲ್ಲಿಗೇ ಸಾಯಲಿಲ್ಲ, ಬೇರೆ ಬೇರೆ ರೂಪದಲ್ಲಿ ತಲೆ ಎತ್ತುತ್ತಲೇ ಇದೆ. ಕಿರು ಫ್ಲೆಮಿಂಗೊ ನಮ್ಮ ಕಛ್‌ನಲ್ಲೂ ಮರಿ ಮಾಡುವ ಹಕ್ಕಿ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಅಪಾಯದ ಅಂಚಿಗೆ ಬಂದ ಜಾತಿ. ಇಡೀ ಜಗತ್ತಿನಲ್ಲಿ ಇದು ನಿಯಮಿತವಾಗಿ ಮರಿ ಮಾಡುವ ಜಾಗಗಳನ್ನು ಒಂದು ಕೈಯ ಬೆರಳುಗಳಲ್ಲೇ ಎಣಿಸಿ ಮುಗಿಸಬಹುದು. ದಕ್ಷಿಣ ಆಫ್ರಿಕಾದ ಕಿಂಬರ್ಲಿ ಹತ್ತಿರದ ಕ್ಯಾಂಫರ್ಸ್ ಡ್ಯಾಮ್ ಅವುಗಳಲ್ಲಿ ಒಂದಾಗಿತ್ತು, ಊರಿನ ಕೊಳಚೆ ಅದನ್ನೂ ಕೆಡಿಸಿತು.

ಹಾಗಾದರೆ ಏನು ಮಾಡಬೇಕು? ನಕುರುವಿನ ನೀರನ್ನು ಪಂಪು ಹಾಕಿ ಹೊರಗೆ ಚೆಲ್ಲುವ ಮಾತು ನನಗೆ ಸರಿ ಕಾಣುವುದಿಲ್ಲ, ಆ ಕಲುಷಿತ ಸೋಡಾ ನೀರನ್ನು ಯಾರ ಹೊಲಕ್ಕೆ ಬಿಡುತ್ತೀರಿ? ಮಳೆಯನ್ನು ಯಾರೂ ನಿಲ್ಲಿಸಲಾರರು. ಕೊಳಚೆ, ಕಸ, ಹೂಳು ಈ ಮೂರನ್ನು ನಿಲ್ಲಿಸಬಹುದು, ಅದು ನಗರಾಡಳಿತದ ಮತ್ತು ಅರಣ್ಯ ಇಲಾಖೆಯ ದಿನನಿತ್ಯದ ಕೆಲಸ. ಒಳಚರಂಡಿಗೆ ಹಾಕುವ ದುಡ್ಡು ಪಕ್ಷಿ ಸಂರಕ್ಷಣೆಯ ದುಡ್ಡು ಅಂತ ಯಾರೂ ಲೆಕ್ಕ ಹಿಡಿಯುವುದಿಲ್ಲ, ಹಿಡಿಯಬೇಕು. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ವಿಷಯ, ಬೇಲಿ ಹಾಕಿದ ಒಂದು ಕೆರೆಯನ್ನು ಕಾಯುವ ಬದಲು ಕೆರೆಗಳ ಸಾಲನ್ನು ಕಾಯುವುದು. ಇದು ಹೊಸ ಯೋಚನೆಯೇನಲ್ಲ. ಕಿರು ಫ್ಲೆಮಿಂಗೊಗಾಗಿ ಅಂತರರಾಷ್ಟ್ರೀಯ ಕ್ರಿಯಾ ಯೋಜನೆ 2008ರಲ್ಲೇ ಬಂದಿದೆ. ಕೀನ್ಯಾದಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ, ವನ್ಯಜೀವಿ ಇಲಾಖೆ ಮತ್ತು ನೇಚರ್ ಕೀನ್ಯಾ ಎಂಬ ಸಂರಕ್ಷಣಾ ಸಂಸ್ಥೆ ಸೇರಿ 1990ರ ದಶಕದಿಂದ ಸ್ವಯಂಸೇವಕರ ನೆರವಿನಲ್ಲಿ ನೀರುಹಕ್ಕಿಗಳ ಗಣತಿ ಮಾಡುತ್ತಾ ಬಂದಿವೆ. ಆಕಾಶದಿಂದ ಕೆರೆಯ ಹಸಿರು ಅಳೆಯುವ ವಿಧಾನವೂ ಈಗ ಕೈಗೆ ಬಂದಿದೆ. ಕೀನ್ಯಾ, ತಾಂಜಾನಿಯಾ, ಇಥಿಯೋಪಿಯಾ ಮೂರೂ ಸೇರಿ ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ವರ್ಷ ಯಾವ ಕೆರೆಯಲ್ಲಿ ಹಕ್ಕಿಗೆ ಊಟ ಇದೆ ಎಂದು ಗೊತ್ತಾಗುತ್ತದೆ. ಆ ಕೆರೆಯ ದಡದಲ್ಲಿ ಆ ವರ್ಷ ರಸ್ತೆ, ಹೋಟೆಲು, ಕಾರ್ಖಾನೆಗೆ ಅನುಮತಿ ಕೊಡುವ ಮುಂಚೆ ಅಧಿಕಾರಿಯ ಮೇಜಿನ ಮೇಲೆ ಆ ಲೆಕ್ಕ ಇರಬೇಕು.